ಕಡಿಮೆ ಆಮ್ಲಜನಕದ ದಹನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಗೆ

ಇಂಧನ ಉರಿಯುತ್ತಿದ್ದರೂ ಕಣ್ಣಿಗೆ ಜ್ವಾಲೆಯೇ ಕಾಣದ ಕುಲುಮೆಗಳಿವೆ. ಅಂಥ ಕುಲುಮೆಗಳಲ್ಲಿ ಒಳಬರುವ ಗಾಳಿಯು ಇಂಧನವನ್ನು ಮುಟ್ಟುವ ಮೊದಲೇ ಒಳಗೆ ಸುತ್ತುತ್ತಿರುವ ಬಿಸಿ ಹೊಗೆಯೊಂದಿಗೆ ಬೆರೆಯುತ್ತದೆ. ಹಾಗೆ ಬೆರೆತಾಗ ಅದರ ಆಮ್ಲಜನಕದ ಪಾಲು ತೀರ ಕುಗ್ಗುತ್ತದೆ, ಉಷ್ಣಾಂಶವು ಮಾತ್ರ ಇಂಧನ ತಾನಾಗಿ ಹೊತ್ತಿಕೊಳ್ಳುವ ಮಟ್ಟವನ್ನು ದಾಟಿರುತ್ತದೆ. ಆದ್ದರಿಂದ ದಹನವು ತೆಳುವಾದ ಒಂದು ಹಾಳೆಯಲ್ಲಿ ಭೋರೆಂದು ನಡೆಯದೆ, ಅಗಲವಾದ ಪ್ರದೇಶದಲ್ಲಿ ಹರಡಿಕೊಂಡು, ಉಷ್ಣಾಂಶದ ದೊಡ್ಡ ಏರಿಳಿತಗಳಿಲ್ಲದೆ ಸಾಗುತ್ತದೆ. ಇದಕ್ಕೆ ಮೈಲ್ಡ್ ದಹನ ಎಂಬ ಹೆಸರು ರೂಢಿಯಲ್ಲಿದೆ. ಜರ್ಮನಿಯಲ್ಲಿ ಬೆಳೆದ ಫ್ಲಾಕ್ಸ್ ತಂತ್ರವೂ ಜಪಾನಿನಲ್ಲಿ ಬೆಳೆದ ಅತಿ ಬಿಸಿ ಗಾಳಿಯ ದಹನವೂ ಇದೇ ಕುಟುಂಬಕ್ಕೆ ಸೇರಿದವು. ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಹುಟ್ಟುತ್ತವೆ ಮತ್ತು ಹೊಗೆಯ ಶಾಖವನ್ನು ಮರಳಿ ಪಡೆಯಬಹುದು ಎಂಬ ಎರಡು ಲಾಭಗಳು ಒಟ್ಟಿಗೆ ಸಿಗುವುದರಿಂದಲೇ ಇದರ ಮೇಲೆ ಇಷ್ಟು ಅಧ್ಯಯನ ನಡೆದಿದೆ.

ಈ ಬಗೆಯ ಪ್ರಕ್ಷುಬ್ಧ (ಸುಳಿಗಳಿಂದ ಕಲಕಿದ ಹರಿವಿನ) ದಹನವನ್ನು ಸಿಮ್ಯುಲೇಷನ್ ಮಾಡಲು ಹೊರಟವರಿಗಾಗಿ ಈ ಬರಹ. ಸಾಮಾನ್ಯ ಜ್ವಾಲೆಯ ಲೆಕ್ಕವನ್ನು ಒಮ್ಮೆಯಾದರೂ ಮಾಡಿರುವವರು ಓದುಗರೆಂದು ಭಾವಿಸಿದ್ದೇನೆ. ಹರಿವಿನ ಸಮೀಕರಣಗಳನ್ನು ಮೊದಲಿನಿಂದ ವಿವರಿಸುವುದಿಲ್ಲ. ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಒಂದೇ. ಸಾಮಾನ್ಯ ಜ್ವಾಲೆಯಲ್ಲಿ ರಾಸಾಯನಿಕ ಕ್ರಿಯೆ ಬಹಳ ವೇಗ, ಬೆರಕೆ ನಿಧಾನ. ಆದ್ದರಿಂದ ಬೆರೆತದ್ದೆಲ್ಲ ಉರಿದಂತೆಯೇ ಎಂದು ಲೆಕ್ಕ ಹಾಕಿದರೂ ಉತ್ತರ ತಕ್ಕಮಟ್ಟಿಗೆ ಸರಿ ಬರುತ್ತದೆ. ಮೈಲ್ಡ್ ದಹನದಲ್ಲಿ ಇವೆರಡರ ವೇಗವೂ ಹತ್ತಿರ ಹತ್ತಿರ ಇರುತ್ತದೆ, ಅಂದರೆ ಡ್ಯಾಮ್‌ಕೋಲರ್ ಸಂಖ್ಯೆ (ಬೆರಕೆಯ ಕಾಲವನ್ನು ಕ್ರಿಯೆಯ ಕಾಲದಿಂದ ಭಾಗಿಸಿದಷ್ಟು) ಒಂದರ ಆಸುಪಾಸಿನಲ್ಲಿರುತ್ತದೆ. ಹೀಗಾಗಿ ಬೆರಕೆಯಲ್ಲಿ ಮಾಡಿದ ತಪ್ಪು ರಸಾಯನದ ತಪ್ಪಿನಂತೆಯೂ, ರಸಾಯನದ ತಪ್ಪು ಬೆರಕೆಯ ತಪ್ಪಿನಂತೆಯೂ ಕಾಣುತ್ತದೆ. ಎರಡನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುತ್ತ ಮುಂದೆ ಹೋಗುವುದೇ ಇಲ್ಲಿನ ಕೆಲಸದ ಕ್ರಮ.

ಕಂಪ್ಯೂಟರಿಗೆ ಮೊದಲು ಕಾಗದದ ಲೆಕ್ಕ

ನಿಮ್ಮ ಸಮಸ್ಯೆ ನಿಜವಾಗಿಯೂ ಮೈಲ್ಡ್ ದಹನದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. 2004ರಲ್ಲಿ ಕವಾಲಿಯೆರೆ ಮತ್ತು ಡಿ ಜೊವಾನನ್ ಕೊಟ್ಟ ವ್ಯಾಖ್ಯೆಯಲ್ಲಿ ಎರಡು ಷರತ್ತುಗಳಿವೆ: ಒಳಬರುವ ಮಿಶ್ರಣದ ಉಷ್ಣಾಂಶವು ಸ್ವಯಂ ಜ್ವಲನದ ಉಷ್ಣಾಂಶಕ್ಕಿಂತ ಹೆಚ್ಚಿರಬೇಕು, ದಹನದಿಂದ ಆಗುವ ಅತ್ಯಧಿಕ ಉಷ್ಣಾಂಶದ ಏರಿಕೆಯು, ಕೆಲ್ವಿನ್‌ನಲ್ಲಿ ಅಳೆದಾಗ, ಅದೇ ಸ್ವಯಂ ಜ್ವಲನದ ಉಷ್ಣಾಂಶಕ್ಕಿಂತ ಕಡಿಮೆ ಇರಬೇಕು. ಕುಲುಮೆಯಾದರೆ ಮರುಸುತ್ತಿನ ಅನುಪಾತವನ್ನೂ ನೋಡಬೇಕು. ಒಳಗೆ ಹಿಂದಿರುಗಿ ಬೆರೆಯುವ ಹೊಗೆಯ ದ್ರವ್ಯರಾಶಿಯನ್ನು ಒಳಬರುವ ಇಂಧನ ಮತ್ತು ಗಾಳಿಯ ಒಟ್ಟು ದ್ರವ್ಯರಾಶಿಯಿಂದ ಭಾಗಿಸಿದರೆ ಇದು ದೊರೆಯುತ್ತದೆ. ಸಾಮಾನ್ಯವಾಗಿ ಇದು ಮೂರರ ಸುಮಾರಿಗೆ ಇಲ್ಲವೇ ಅದಕ್ಕಿಂತ ಹೆಚ್ಚಿಗೆ ಇರಬೇಕಾಗುತ್ತದೆ.

ಮೂರು ಎಂಬುದರ ಅರ್ಥವೇನೆಂದು ಲೆಕ್ಕ ಮಾಡಿಯೇ ನೋಡೋಣ. 1 ಕಿಲೋ ಮೀಥೇನ್ ಪೂರ್ತಿ ಉರಿಯಲು ಸುಮಾರು 17.2 ಕಿಲೋ ಗಾಳಿ ಬೇಕು. ಆ ಗಾಳಿಯಲ್ಲಿ ಸುಮಾರು 4 ಕಿಲೋ ಆಮ್ಲಜನಕವಿರುತ್ತದೆ. ಒಟ್ಟು 18.2 ಕಿಲೋದ ಮೂರು ಪಟ್ಟು, ಅಂದರೆ 54.6 ಕಿಲೋ ಆಮ್ಲಜನಕವಿಲ್ಲದ ಹೊಗೆ ಈ ಗಾಳಿಯನ್ನು ಸೇರಿದರೆ ಮಿಶ್ರಣದ ತೂಕ 71.8 ಕಿಲೋ ಆಗುತ್ತದೆ, ಆಮ್ಲಜನಕದ ಪಾಲು 23.2 ಶೇಕಡಾದಿಂದ ಸುಮಾರು 5.6 ಶೇಕಡಾಕ್ಕೆ ಇಳಿಯುತ್ತದೆ. ಹೆಚ್ಚುವರಿ ಗಾಳಿ ಕೊಡುವ ಕುಲುಮೆಯಲ್ಲಿ ಹೊಗೆಯಲ್ಲೂ ಸ್ವಲ್ಪ ಆಮ್ಲಜನಕ ಉಳಿದಿರುವುದರಿಂದ ಈ ಇಳಿಕೆ ಅಷ್ಟಾಗಿ ಇರುವುದಿಲ್ಲ. ಲೆಕ್ಕ ಮುಗಿದ ಮೇಲೆ ಕಂಪ್ಯೂಟರ್ ಕೊಡುವ ಸಂಖ್ಯೆಗಳನ್ನು ಇಂಥ ಕೈಲೆಕ್ಕದ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸವಿದ್ದರೆ ಎಷ್ಟೋ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಕುಲುಮೆಯನ್ನೇ ನೇರವಾಗಿ ಕೈಗೆತ್ತಿಕೊಳ್ಳಬೇಡಿ ಎಂಬುದು ನನ್ನ ಮೊದಲ ಸಲಹೆ. ಕುಲುಮೆಯಲ್ಲಿ ಮರುಸುತ್ತು, ಗೋಡೆಯ ಶಾಖನಷ್ಟ, ವಿಕಿರಣ ಎಲ್ಲವೂ ಹೆಣೆದುಕೊಂಡಿರುವುದರಿಂದ ಉತ್ತರ ತಪ್ಪಿದಾಗ ತಪ್ಪು ಎಲ್ಲಿದೆಯೆಂದು ಹುಡುಕುವುದು ಕಷ್ಟ. ಇದೇ ಕಾರಣಕ್ಕೆ ಬಿಸಿ ಸಹಪ್ರವಾಹದ ಜೆಟ್ ಎಂಬ ಸರಳ ಪ್ರಯೋಗಗಳು ಹುಟ್ಟಿಕೊಂಡಿವೆ. ಇವುಗಳಲ್ಲಿ ಹೊಗೆಯ ಮರುಸುತ್ತಿಗೆ ಬದಲಾಗಿ, ಆಮ್ಲಜನಕ ಕಡಿಮೆ ಇರುವ ಬಿಸಿ ಅನಿಲವನ್ನೇ ಇಂಧನದ ಜೆಟ್ಟಿನ ಸುತ್ತ ಹರಿಸುತ್ತಾರೆ. ಆಸ್ಟ್ರೇಲಿಯಾದ ಅಡಿಲೇಡ್ ಬರ್ನರ್ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಅದರ ಅಳತೆಗಳನ್ನು ಡ್ಯಾಲಿ, ಕಾರ್ಪೆಟಿಸ್ ಮತ್ತು ಬಾರ್ಲೋ 2002ರಲ್ಲಿ ಪ್ರಕಟಿಸಿದರು. ನೆದರ್ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿಯೂ ನೈಸರ್ಗಿಕ ಅನಿಲ ಬಳಸುವ ಅಂಥದೇ ಬರ್ನರ್ ಇದೆ.

ಅಡಿಲೇಡ್ ಬರ್ನರಿನ ವಿವರಗಳು ಹೀಗಿವೆ. ನಡುವೆ 4.25 ಮಿಲಿಮೀಟರ್ ಒಳವ್ಯಾಸದ ಇಂಧನದ ಕೊಳವೆ. ಅದರ ಸುತ್ತ 82 ಮಿಲಿಮೀಟರ್ ವ್ಯಾಸದ ಬಿಸಿ ಸಹಪ್ರವಾಹ. ಅದಕ್ಕೂ ಹೊರಗೆ ಗಾಳಿಸುರಂಗದ ತಂಪು ಗಾಳಿ. ಇಂಧನವು ಮೀಥೇನ್ ಮತ್ತು ಜಲಜನಕಗಳ ಸಮಗಾತ್ರದ ಮಿಶ್ರಣ. ಸಹಪ್ರವಾಹದ ಉಷ್ಣಾಂಶ 1300 ಕೆಲ್ವಿನ್, ವೇಗ ಸೆಕೆಂಡಿಗೆ 3.2 ಮೀಟರ್. ತೂಕದ ಲೆಕ್ಕದಲ್ಲಿ ಅದರ ಆಮ್ಲಜನಕದ ಪಾಲು ಮಾತ್ರ ಬದಲಾಗುತ್ತದೆ: 3, 6 ಮತ್ತು 9 ಶೇಕಡಾ. ಜೆಟ್ಟಿನ ರೇನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಪ್ರಕ್ಷುಬ್ಧವೆಂದು ತಿಳಿಸುವ ಸಂಖ್ಯೆ) ಸುಮಾರು 10,000. ಮೊದಲು 9 ಶೇಕಡಾದ ಜ್ವಾಲೆಯನ್ನು ಸರಿಯಾಗಿ ಲೆಕ್ಕ ಹಾಕಿ, ಅಲ್ಲಿಂದ 3 ಶೇಕಡಾಕ್ಕೆ ಇಳಿಯಿರಿ. ಆಮ್ಲಜನಕ ಇಳಿದಂತೆಲ್ಲ ಮಾದರಿಗಳ ದೌರ್ಬಲ್ಯ ಹೊರಬೀಳುತ್ತದೆ.

ಜ್ವಾಲೆ ಎಲ್ಲಿ ಕೂರುತ್ತದೆ, ಮೆಶ್ ಎಲ್ಲಿ ದಟ್ಟವಾಗಬೇಕು

ಯಾವುದೇ ಬಿಂದುವಿನಲ್ಲಿರುವ ದ್ರವ್ಯದಲ್ಲಿ ಇಂಧನದ ಕೊಳವೆಯಿಂದ ಬಂದ ಪಾಲನ್ನು ಮಿಶ್ರಣಾಂಶ ಎನ್ನುತ್ತಾರೆ. ಇಂಧನಕ್ಕೂ ಆಮ್ಲಜನಕಕ್ಕೂ ಲೆಕ್ಕ ಸರಿಹೋಗುವ ಮಿಶ್ರಣಾಂಶ ಎಷ್ಟೆಂದು ಕಂಡುಕೊಂಡರೆ ದಹನ ಎಲ್ಲಿ ನಡೆಯುತ್ತದೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಮೇಲಿನ ಇಂಧನದ 18 ಗ್ರಾಮಿಗೆ 80 ಗ್ರಾಂ ಆಮ್ಲಜನಕ ಬೇಕು. ಸಾಮಾನ್ಯ ಗಾಳಿಯಲ್ಲಿ ಉರಿಸಿದರೆ ಸರಿಹೊಂದುವ ಮಿಶ್ರಣಾಂಶ ಸುಮಾರು 0.05. ಆಮ್ಲಜನಕ 9 ಶೇಕಡಾಕ್ಕೆ ಇಳಿದರೆ ಅದು 0.02ರ ಹತ್ತಿರ, 3 ಶೇಕಡಾಕ್ಕೆ ಇಳಿದರೆ ಕೇವಲ 0.007ರ ಹತ್ತಿರ.

ಈ ಕೊನೆಯ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಾವಿರ ಪಾಲಿನಲ್ಲಿ ಏಳು ಪಾಲು ಇಂಧನವಿರುವ ಜಾಗವೆಂದರೆ ಜೆಟ್ಟಿನ ಅಂಚಿನ ಬಿರುಸಾದ ಬೆರಕೆಯ ಪದರವಲ್ಲ. ಅದಕ್ಕೂ ಹೊರಗೆ, ಹೆಚ್ಚುಕಡಿಮೆ ಶುದ್ಧ ಸಹಪ್ರವಾಹವೇ ಇರುವ ಶಾಂತ ಪ್ರದೇಶ. ತಾನಾಗಿ ಹೊತ್ತಿಕೊಳ್ಳುವ ಮಿಶ್ರಣವಂತೂ ಇನ್ನೂ ಹೊರಗಿರುತ್ತದೆ, ಏಕೆಂದರೆ ತಂಪು ಇಂಧನ ಕಡಿಮೆ ಬೆರೆತಷ್ಟೂ ಮಿಶ್ರಣ ಬಿಸಿಯಾಗಿರುತ್ತದೆ, ಬಿಸಿಯಾಗಿದ್ದಷ್ಟೂ ಬೇಗ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಜ್ವಾಲೆಯ ಅಭ್ಯಾಸದಂತೆ ಜೆಟ್ಟಿನ ಅಂಚಿನಲ್ಲಿ ಮಾತ್ರ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಪುಟ್ಟ ಕೋಶಗಳಾಗಿ ಒಡೆದ ಬಲೆ) ದಟ್ಟಮಾಡಿ ಹೊರಗೆ ಬೇಗಬೇಗ ಹಿಗ್ಗಿಸಿದರೆ, ದಹನ ನಡೆಯುವ ಜಾಗದಲ್ಲಿಯೇ ಕೋಶಗಳು ದೊಡ್ಡದಾಗಿ ಮಿಶ್ರಣಾಂಶದ ಸೂಕ್ಷ್ಮ ಬದಲಾವಣೆ ಕಳೆದುಹೋಗುತ್ತದೆ. ಆದ್ದರಿಂದ ಮಿಶ್ರಣಾಂಶ 0.001ರಿಂದ 0.03ರವರೆಗೆ ಇರುವ ಪಟ್ಟಿಯಲ್ಲಿ ಸಾಕಷ್ಟು ಕೋಶಗಳಿವೆಯೇ ಎಂದು ನೋಡಿ. ಮೊದಲ ಒರಟು ಲೆಕ್ಕದ ಫಲಿತಾಂಶದಲ್ಲಿ ಆ ಪಟ್ಟಿಯನ್ನು ಗುರುತಿಸಿ, ಅದಕ್ಕೆ ತಕ್ಕಂತೆ ಮೆಶ್ ತಿದ್ದಿ, ಮತ್ತೆ ಲೆಕ್ಕ ಹಾಕುವುದು ಒಳ್ಳೆಯ ದಾರಿ. ಮೆಶ್ ಸಾಕೇ ಎಂದು ತೀರ್ಮಾನಿಸುವಾಗ ಉಷ್ಣಾಂಶವನ್ನು ನಂಬಬೇಡಿ. ಅದು ಬೇಗ ಸ್ಥಿರವಾಗಿಬಿಡುತ್ತದೆ. ದಹನದ ನಡುವೆ ಹುಟ್ಟುವ ಚುರುಕಾದ ಅಣುತುಣುಕಾದ ಓಎಚ್ ರ‍್ಯಾಡಿಕಲ್‌ನ ಶಿಖರಮೌಲ್ಯ ಬದಲಾಗದೆ ನಿಲ್ಲುವವರೆಗೆ ಮೆಶ್ ಸೂಕ್ಷ್ಮಗೊಳಿಸಿ.

ಇದೇ ಮಿಶ್ರಣಾಂಶದಿಂದ ಉಷ್ಣಾಂಶದ ಏರಿಕೆಯನ್ನೂ ಅಂದಾಜಿಸಬಹುದು. ಈ ಇಂಧನದ ಶಾಖ ಕಿಲೋಗೆ ಸುಮಾರು 58 ಮೆಗಾಜೂಲ್. ಅದನ್ನು 0.0067ರಿಂದ ಗುಣಿಸಿದರೆ ಮಿಶ್ರಣದ ಪ್ರತಿ ಕಿಲೋಗೆ 390 ಕಿಲೋಜೂಲ್ ಬರುತ್ತದೆ. ಬಿಸಿ ಅನಿಲದ ವಿಶಿಷ್ಟೋಷ್ಣವನ್ನು ಪ್ರತಿ ಕಿಲೋಗೆ, ಪ್ರತಿ ಕೆಲ್ವಿನ್‌ಗೆ 1.3 ಕಿಲೋಜೂಲ್ ಎಂದಿಟ್ಟುಕೊಂಡು, ತಂಪು ಇಂಧನವನ್ನು ಕಾಯಿಸುವ ಖರ್ಚನ್ನು ಕಳೆದರೆ, ಏರಿಕೆ ಸುಮಾರು 280 ಕೆಲ್ವಿನ್. ಹೀಗಾಗಿ 3 ಶೇಕಡಾದ ಜ್ವಾಲೆಯಲ್ಲಿ, ಹೊರಗಿನ ಗಾಳಿ ಬಂದು ಬೆರೆಯುವ ಮೊದಲೇ, ಸಿಮ್ಯುಲೇಷನ್ ಎಲ್ಲಾದರೂ 1800 ಕೆಲ್ವಿನ್ ತೋರಿಸಿದರೆ ದೋಷವನ್ನು ದಹನದ ಮಾದರಿಯಲ್ಲಿ ಹುಡುಕುವ ಅಗತ್ಯವಿಲ್ಲ. ಲೆಕ್ಕದ ಕ್ಷೇತ್ರದ ಗಡಿಯಲ್ಲಿ, ಅಂದರೆ ಅನಿಲಗಳು ಒಳಬರುವಲ್ಲಿ, ಕೊಟ್ಟ ಸಂಖ್ಯೆಗಳೇ ತಪ್ಪಿರುತ್ತವೆ.

ಗಡಿಯ ಸಂಖ್ಯೆಗಳು

ಸಾಮಾನ್ಯ ಜ್ವಾಲೆಗಿಂತ ಇಲ್ಲಿ ಗಡಿಯ ವಿವರಗಳಿಗೆ ಹೆಚ್ಚು ಬೆಲೆ ಇದೆ. ಇಂಧನದ ಕೊಳವೆಯ ಸಾಕಷ್ಟು ಉದ್ದವನ್ನು ಲೆಕ್ಕದ ಕ್ಷೇತ್ರದೊಳಗೆ ಸೇರಿಸಿಕೊಂಡು, ವೇಗ ಮತ್ತು ಪ್ರಕ್ಷುಬ್ಧತೆ ಎರಡೂ ಕೊಳವೆಯೊಳಗೇ ರೂಪುಗೊಳ್ಳಲು ಬಿಡಬೇಕು. ಸಹಪ್ರವಾಹದ ಪ್ರಕ್ಷುಬ್ಧತೆ ಮತ್ತು ಜೆಟ್ಟಿನ ಪ್ರವೇಶದಲ್ಲಿನ ಪ್ರಕ್ಷುಬ್ಧ ಶಕ್ತಿ ಇವೆರಡನ್ನೂ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಫಲಿತಾಂಶ ಎಷ್ಟು ಕದಲುತ್ತದೆಂದು ನೋಡಿ. ಕ್ರಿಸ್ಟೊ ಮತ್ತು ಡ್ಯಾಲಿ 2005ರಲ್ಲಿ ಈ ಜ್ವಾಲೆಗಳನ್ನು ಲೆಕ್ಕ ಹಾಕಿದಾಗ ಪ್ರವೇಶದ ಪ್ರಕ್ಷುಬ್ಧತೆಯ ಪ್ರಭಾವ ಗಣನೀಯವೆಂದು ಕಂಡುಕೊಂಡಿದ್ದರು.

ಸಹಪ್ರವಾಹದ ಸಂಯೋಜನೆಯನ್ನು ಸಾರಜನಕ ಮತ್ತು ಆಮ್ಲಜನಕ ಎಂದಷ್ಟೇ ಬರೆದು ಮುಂದೆ ಹೋಗುವಂತಿಲ್ಲ. ಅದು ಇನ್ನೊಂದು ಬರ್ನರಿನ ಹೊಗೆ. ಅದರಲ್ಲಿ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಇವೆ. 3 ಶೇಕಡಾದ ಜ್ವಾಲೆಗೆ ತೂಕದಲ್ಲಿ ನೀರಾವಿ 6.5, ಇಂಗಾಲದ ಡೈಆಕ್ಸೈಡ್ 5.5, ಸಾರಜನಕ 85 ಶೇಕಡಾ. ಇವು ಸುಮ್ಮನೆ ಜಾಗ ತುಂಬುವ ಅನಿಲಗಳಲ್ಲ. ವಿಶಿಷ್ಟೋಷ್ಣವನ್ನು ಬದಲಿಸುತ್ತವೆ, ಮೂರು ಅಣುಗಳು ಕೂಡಿ ನಡೆಯುವ ಕ್ರಿಯೆಗಳಲ್ಲಿ ಮೂರನೆಯ ಅಣುವಾಗಿ ಪಾಲ್ಗೊಳ್ಳುತ್ತವೆ, ವಿಕಿರಣವನ್ನು ಹೀರಿ ಹೊರಸೂಸುತ್ತವೆ. 1300 ಕೆಲ್ವಿನ್‌ನ ಹೊಗೆಯಲ್ಲಿ ಅತಿ ಕಡಿಮೆ ಪ್ರಮಾಣದ ಓಎಚ್ ಕೂಡ ಉಳಿದಿರಬಹುದು, ಅದು ಜ್ವಲನವನ್ನು ಮುಂಚಿತವಾಗಿ ತರಬಲ್ಲದು. ಅದನ್ನು ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ಲೆಕ್ಕ ಹಾಕಿ ವ್ಯತ್ಯಾಸ ನೋಡಿಡಿ. ನೈಟ್ರಿಕ್ ಆಕ್ಸೈಡನ್ನು ಲೆಕ್ಕ ಹಾಕುವುದಿದ್ದರೆ ಸಹಪ್ರವಾಹವು ಹೊತ್ತು ತರುವ ನೈಟ್ರಿಕ್ ಆಕ್ಸೈಡನ್ನೂ ಪ್ರವೇಶದಲ್ಲಿ ಕೊಡಬೇಕು.

ಪ್ರಕ್ಷುಬ್ಧತೆಯ ಮಾದರಿ

ಸುಳಿಗಳನ್ನು ಬಿಡಿಸದೆ ಹರಿವಿನ ಸರಾಸರಿಯನ್ನಷ್ಟೇ ಲೆಕ್ಕ ಹಾಕುವ ಸರಾಸರಿ ಸಮೀಕರಣಗಳ ದಾರಿಯಲ್ಲಿ ಹೋಗುವವರಿಗೆ ಕೆ-ಎಪ್ಸಿಲಾನ್ ಮಾದರಿಯೇ (ಕೆ ಎಂದರೆ ಪ್ರಕ್ಷುಬ್ಧ ಶಕ್ತಿ, ಎಪ್ಸಿಲಾನ್ ಎಂದರೆ ಅದು ಸವೆಯುವ ವೇಗ) ಸಾಕು, ಆದರೆ ಒಂದು ತಿದ್ದುಪಡಿಯೊಂದಿಗೆ. ಮೂಲ ರೂಪದ ಈ ಮಾದರಿ ದುಂಡನೆಯ ಜೆಟ್ ಇರುವುದಕ್ಕಿಂತ ಹೆಚ್ಚು ಅಗಲವಾಗಿ ಹರಡುತ್ತದೆಂದು ತೋರಿಸುತ್ತದೆ. ಇದು ಬಹುಕಾಲದಿಂದ ತಿಳಿದಿರುವ ದೋಷ. ಎಪ್ಸಿಲಾನ್ ಸಮೀಕರಣದ ಮೊದಲ ಸ್ಥಿರಾಂಕವನ್ನು 1.44ರಿಂದ 1.60ಕ್ಕೆ ಏರಿಸಿದರೆ ಹರಡುವಿಕೆ ಅಳತೆಗೆ ಹತ್ತಿರ ಬರುತ್ತದೆ. ಈ ತಿದ್ದುಪಡಿ ದುಂಡನೆಯ ಜೆಟ್ಟಿಗೆ ಮಾತ್ರ ಸಲ್ಲುತ್ತದೆ. ಮರುಸುತ್ತು ಪ್ರಬಲವಾಗಿರುವ ಕುಲುಮೆಗೆ ಇದನ್ನೇ ಕಣ್ಣುಮುಚ್ಚಿ ಕೊಂಡೊಯ್ಯಬಾರದು.

ಇಲ್ಲಿ ಒಂದು ಶಿಸ್ತನ್ನು ಪಾಲಿಸಬೇಕೆಂದು ಒತ್ತಿ ಹೇಳುತ್ತೇನೆ. ದಹನದ ಮಾದರಿಯ ಒಂದೇ ಒಂದು ಸ್ಥಿರಾಂಕವನ್ನು ಮುಟ್ಟುವ ಮೊದಲು, ಲೆಕ್ಕ ಹಾಕಿದ ಮಿಶ್ರಣಾಂಶವನ್ನು ಅಳತೆಯ ಮಿಶ್ರಣಾಂಶದೊಂದಿಗೆ ತಾಳೆ ನೋಡಿ. ಕೇಂದ್ರರೇಖೆಯ ಮೇಲೂ ನೋಡಿ, ಅಡ್ಡಡ್ಡಲಾಗಿಯೂ ನೋಡಿ. ಮಿಶ್ರಣಾಂಶ ಸರಿಯಿಲ್ಲದೆ ಉಷ್ಣಾಂಶ ಮಾತ್ರ ಸರಿ ಬಂದಿದ್ದರೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿವೆ ಎಂದೇ ಅರ್ಥ. ನಾನು ಆರಂಭದಲ್ಲಿ ಈ ಕ್ರಮವನ್ನು ಬಿಟ್ಟು, ಉಷ್ಣಾಂಶದ ಗೆರೆ ಹೊಂದಿಕೊಳ್ಳುವವರೆಗೆ ದಹನದ ಸ್ಥಿರಾಂಕಗಳನ್ನು ತಿರುಗಿಸುತ್ತ ವಾರಗಳನ್ನು ಕಳೆದೆ. ಕೊನೆಗೆ ಜೆಟ್ಟೇ ಅತಿಯಾಗಿ ಹರಡುತ್ತಿತ್ತೆಂದು ತಿಳಿದಾಗ ಆ ಸ್ಥಿರಾಂಕಗಳೆಲ್ಲ ವ್ಯರ್ಥವಾದವು.

ರಸಾಯನ: ಎಷ್ಟು ವಿವರ ಬೇಕು

ಒಂದೆರಡು ಹಂತದ ಸ್ಥೂಲ ಕ್ರಿಯಾಸರಣಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸ್ವಯಂ ಜ್ವಲನವೆಂದರೆ ರ‍್ಯಾಡಿಕಲ್‌ಗಳು ಮೆಲ್ಲಗೆ ಕೂಡಿಬಂದು ಒಂದು ಹಂತದಲ್ಲಿ ಕ್ರಿಯೆ ಹಿಡಿದುಕೊಳ್ಳುವುದು. ರ‍್ಯಾಡಿಕಲ್‌ಗಳೇ ಇಲ್ಲದ ಕ್ರಿಯಾಸರಣಿಯಲ್ಲಿ ಆ ಕಾಯುವಿಕೆಯೇ ಇರುವುದಿಲ್ಲ. ಮೀಥೇನಿಗೆ ವಿವರವಾದ ಕ್ರಿಯಾಸರಣಿಯಾದ ಜಿಆರ್‌ಐ-ಮೆಕ್ 3.0 ಹೆಚ್ಚು ಬಳಕೆಯಲ್ಲಿದೆ; ಅದರಲ್ಲಿ 53 ರಾಸಾಯನಿಕ ಘಟಕಗಳೂ 325 ಕ್ರಿಯೆಗಳೂ ಇವೆ. ಅದು ಭಾರವೆನಿಸಿದರೆ ಅದರ ಹಿಂದಿನ ಆವೃತ್ತಿಯಿಂದ ಇಳಿಸಿ ತಯಾರಿಸಿದ ಡಿಆರ್‌ಎಂ ಸರಣಿಗಳಿವೆ, 17 ಘಟಕಗಳ ಕೆಇಇ ಸರಣಿಯೂ ಇದೆ.

ಹರಿವಿನ ಲೆಕ್ಕಕ್ಕೆ ಕೈಹಾಕುವ ಮೊದಲು ಕ್ಯಾಂಟೆರಾದಂಥ ಮುಕ್ತ ತಂತ್ರಾಂಶದಲ್ಲಿ ಒಂದು ಚಿಕ್ಕ ಪರೀಕ್ಷೆ ಮಾಡಿ. ಮಿಶ್ರಣಾಂಶವನ್ನು 0.0005ರಿಂದ 0.05ರವರೆಗೆ ಬದಲಿಸುತ್ತ, ಪ್ರತಿ ಬೆಲೆಗೂ ಸಹಪ್ರವಾಹ ಮತ್ತು ಇಂಧನ ಬೆರೆತಾಗಿನ ಉಷ್ಣಾಂಶದಿಂದ ಹೊರಟು, ಸ್ಥಿರ ಒತ್ತಡದಲ್ಲಿ ಜ್ವಲನಕ್ಕೆ ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿ. ಅತಿ ಕಡಿಮೆ ಕಾಲ ತೆಗೆದುಕೊಳ್ಳುವ ಮಿಶ್ರಣಾಂಶವೇ ನಿಮ್ಮ ಜ್ವಾಲೆಯ ಬುಡ ಕೂರುವ ಜಾಗದ ಸುಳಿವು. ಇದೇ ಪರೀಕ್ಷೆಯನ್ನು ಇಳಿಸಿದ ಸರಣಿಯಿಂದಲೂ ಮಾಡಿ, ಎರಡೂ ಒಪ್ಪಿದರೆ ಮಾತ್ರ ಆ ಸರಣಿಯನ್ನು ಬಳಸಿ. ಇಳಿಸಿದ ಸರಣಿಗಳು ಸಾಮಾನ್ಯವಾಗಿ ಮಾಮೂಲಿ ಜ್ವಾಲೆಗಳಿಗಾಗಿ ಪರೀಕ್ಷೆಗೊಳಗಾದವು. 3 ಶೇಕಡಾ ಆಮ್ಲಜನಕದಲ್ಲಿ ಅವು ಸರಿಯಿರುತ್ತವೆಂದು ಮೊದಲೇ ನಂಬಲು ಕಾರಣವಿಲ್ಲ.

ಜಲಜನಕ ಬೆರೆತ ಇಂಧನವಾದರೆ ಅಣುಗಳ ಪ್ರಸರಣವನ್ನೂ ಘಟಕಕ್ಕೊಂದರಂತೆ ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಲಜನಕದ ಲೂಯಿಸ್ ಸಂಖ್ಯೆ ಸುಮಾರು 0.3, ಶಾಖ ಹರಡುವುದಕ್ಕಿಂತ ಬಹಳ ಬೇಗ ಅದು ಹರಡುತ್ತದೆ. ಪ್ರಕ್ಷುಬ್ಧತೆ ಬಲವಾಗಿರುವೆಡೆ ಇದನ್ನು ಬಿಟ್ಟರೂ ನಡೆಯುತ್ತದೆ ಎಂಬ ಮಾತಿದೆ. ಆದರೆ ನಮ್ಮ ದಹನ ನಡೆಯುವುದು ಸಹಪ್ರವಾಹದ ಬದಿಯ ಶಾಂತ ಪ್ರದೇಶದಲ್ಲಿ ಎಂದು ಆಗಲೇ ನೋಡಿದೆವು. 1300 ಕೆಲ್ವಿನ್‌ನಲ್ಲಿ ಅನಿಲದ ಚಲನಾತ್ಮಕ ಸ್ನಿಗ್ಧತೆ ಕೋಣೆಯ ಉಷ್ಣಾಂಶದಲ್ಲಿ ಇರುವುದಕ್ಕಿಂತ ಸುಮಾರು ಹನ್ನೆರಡು ಪಟ್ಟು ಹೆಚ್ಚು. ಹಾಗಾಗಿ ಅಲ್ಲಿ ಪ್ರಕ್ಷುಬ್ಧತೆ ತಾನೇ ಸೊರಗಿರುತ್ತದೆ, ಅಣುಗಳ ಪ್ರಸರಣದ ಕೈ ಮೇಲಾಗುತ್ತದೆ.

ಪ್ರಕ್ಷುಬ್ಧತೆಯನ್ನೂ ರಸಾಯನವನ್ನೂ ಬೆಸೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ವಿವೇಚನೆ ಬೇಡುವ ಹೆಜ್ಜೆ ಇದು. ಕ್ರಿಯೆಯ ವೇಗವನ್ನು ಬೆರಕೆಯ ವೇಗ ಮಾತ್ರ ನಿರ್ಧರಿಸುತ್ತದೆ ಎನ್ನುವ ಹಳೆಯ ಮಾದರಿಗಳನ್ನು ಬದಿಗಿಡಿ. ಅವು ಇಂಧನದ ಕೊಳವೆಯ ಬಾಯಲ್ಲೇ ಬಿಸಿ ಜ್ವಾಲೆಯನ್ನು ತಂದು ಕೂರಿಸುತ್ತವೆ. ಉಳಿದವುಗಳಲ್ಲಿ ಎಡ್ಡಿ ಡಿಸಿಪೇಷನ್ ಕಾನ್ಸೆಪ್ಟ್, ಅಂದರೆ ಇಡಿಸಿ, ಹೆಚ್ಚು ಬಳಕೆಯಲ್ಲಿದೆ. ಇದನ್ನು ಮ್ಯಾಗ್ನುಸ್ಸೆನ್ ರೂಪಿಸಿದರು. ಪ್ರತಿ ಕೋಶದಲ್ಲೂ ಸುಳಿಗಳು ಸವೆದು ಶಾಖವಾಗುವ ಸೂಕ್ಷ್ಮ ರಚನೆಗಳಿರುತ್ತವೆ, ಕ್ರಿಯೆ ನಡೆಯುವುದು ಅವುಗಳೊಳಗೇ, ಪ್ರತಿಯೊಂದೂ ಒಂದು ಪುಟ್ಟ ರಿಯಾಕ್ಟರಿನಂತೆ ವರ್ತಿಸುತ್ತದೆ ಎಂಬುದು ಇದರ ಕಲ್ಪನೆ. ಆ ರಚನೆಗಳ ಗಾತ್ರವನ್ನು 2.1377 ಎಂಬ ಸ್ಥಿರಾಂಕವೂ ದ್ರವ್ಯ ಅವುಗಳಲ್ಲಿ ಉಳಿಯುವ ಕಾಲವನ್ನು 0.4082 ಎಂಬ ಸ್ಥಿರಾಂಕವೂ ನಿರ್ಧರಿಸುತ್ತವೆ.

ಈ ಎರಡು ಸಂಖ್ಯೆಗಳನ್ನು ಎಲ್ಲೆಡೆ ಸಲ್ಲುವ ಭೌತಿಕ ಸ್ಥಿರಾಂಕಗಳೆಂದು ತಿಳಿಯಬಾರದು. ಪ್ರಕ್ಷುಬ್ಧತೆ ಪ್ರಬಲವಾಗಿದ್ದು ದೊಡ್ಡ ಸುಳಿಯಿಂದ ಚಿಕ್ಕ ಸುಳಿಯವರೆಗೆ ಶಕ್ತಿ ಇಳಿದುಬರುವ ಮೆಟ್ಟಿಲುಗಳು ಪೂರ್ತಿಯಾಗಿ ಇರುತ್ತವೆಂಬ ಊಹೆಯಿಂದ ಅವು ಹುಟ್ಟಿದವು. ಸೂಕ್ಷ್ಮ ರಚನೆಯ ಉದ್ದದ ಪಾಲು, ಪ್ರಕ್ಷುಬ್ಧತೆಯ ಸ್ಥಳೀಯ ರೇನಾಲ್ಡ್ಸ್ ಸಂಖ್ಯೆಯ ನಾಲ್ಕನೆಯ ಮೂಲದಿಂದ 2.1377ನ್ನು ಭಾಗಿಸಿದಷ್ಟು. ಆ ರೇನಾಲ್ಡ್ಸ್ ಸಂಖ್ಯೆ ಸುಮಾರು 21ಕ್ಕಿಂತ ಕೆಳಗಿಳಿದರೆ ಪಾಲು ಒಂದನ್ನು ಮೀರುತ್ತದೆ, ಅಂದರೆ ಭಾಗವು ಇಡಿಯದಕ್ಕಿಂತ ದೊಡ್ಡದಾಗುತ್ತದೆ. ತಂತ್ರಾಂಶಗಳು ಇದನ್ನು ಸದ್ದಿಲ್ಲದೆ ಕತ್ತರಿಸಿ ಸರಿಪಡಿಸಿಕೊಳ್ಳುತ್ತವೆ. ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಮೊದಲ ಲೆಕ್ಕ ಮುಗಿದ ಕೂಡಲೇ ಸ್ಥಳೀಯ ರೇನಾಲ್ಡ್ಸ್ ಸಂಖ್ಯೆಯ ಚಿತ್ರ ಬರೆದು, ದಹನದ ಪಟ್ಟಿಯಲ್ಲಿ ಅದೆಷ್ಟಿದೆ ಎಂದು ಕಣ್ಣಾರೆ ನೋಡಿ. ಮಾದರಿಯು ತನ್ನ ಊಹೆಗಳ ಒಳಗೆ ಇದೆಯೇ ಇಲ್ಲವೇ ಎಂಬುದನ್ನು ಈ ಒಂದು ಚಿತ್ರ ಹೇಳಿಬಿಡುತ್ತದೆ.

ಮೂಲ ಸ್ಥಿರಾಂಕಗಳನ್ನಿಟ್ಟು ಲೆಕ್ಕ ಹಾಕಿದರೆ ಬಿಸಿ ಸಹಪ್ರವಾಹದ ಜ್ವಾಲೆಗಳು ಬೇಗ ಹೊತ್ತಿಕೊಂಡು ಅಳತೆಗಿಂತ ಹೆಚ್ಚು ಬಿಸಿಯಾಗುವುದು ಸಾಮಾನ್ಯ. ಇದನ್ನು ತಿದ್ದಲು ಪ್ರಕಟಿತ ಅಧ್ಯಯನಗಳಲ್ಲಿ ಕಾಲದ ಸ್ಥಿರಾಂಕವನ್ನು 1.5ಕ್ಕೂ 3ಕ್ಕೂ ಏರಿಸಿದ್ದಾರೆ. ಗಾತ್ರದ ಸ್ಥಿರಾಂಕವನ್ನು 1ರವರೆಗೆ ಇಳಿಸಿದ್ದೂ ಉಂಟು. ಎರಡೂ ಬದಲಾವಣೆಗಳು ಸರಾಸರಿ ಕ್ರಿಯಾವೇಗವನ್ನು ತಗ್ಗಿಸುತ್ತವೆ. ಆದರೆ ಒಂದು ಜ್ವಾಲೆಗೆ ಹೊಂದಿಸಿದ ಸಂಖ್ಯೆ ಇನ್ನೊಂದಕ್ಕೂ, ಜ್ವಾಲೆಯ ಒಂದು ಭಾಗಕ್ಕೆ ಹೊಂದಿಸಿದ್ದು ಅದರ ಮತ್ತೊಂದು ಭಾಗಕ್ಕೂ ಹೊಂದುತ್ತದೆಂಬ ಭರವಸೆಯಿಲ್ಲ. ಈ ಸ್ಥಿರಾಂಕಗಳನ್ನು ಸ್ಥಳೀಯ ರೇನಾಲ್ಡ್ಸ್ ಮತ್ತು ಡ್ಯಾಮ್‌ಕೋಲರ್ ಸಂಖ್ಯೆಗಳಿಂದಲೇ ಲೆಕ್ಕ ಹಾಕುವ ರೂಪ 2016ರಲ್ಲಿ ಬಂದಿತು. ಹರಿವಿನ ಲೆಕ್ಕದ ಮುಕ್ತ ತಂತ್ರಾಂಶವಾದ ಓಪನ್‌ಫೋಮ್‌ನಲ್ಲಿ 1981, 1996, 2005 ಮತ್ತು 2016ರ ರೂಪಗಳು ನಾಲ್ಕೂ ಲಭ್ಯವಿವೆ. ಯಾವುದನ್ನು ಬಳಸಿದಿರೆಂದು ವರದಿಯಲ್ಲಿ ತಪ್ಪದೆ ಬರೆಯಿರಿ. ಕೈಯಿಂದ ಸಂಖ್ಯೆ ತಿರುಗಿಸುವುದಕ್ಕಿಂತ ಭೌತಿಕ ಕಾರಣವಿರುವ ತಿದ್ದುಪಡಿಯೇ ಮೇಲೆಂಬುದು ನನ್ನ ಅಭಿಪ್ರಾಯ.

ಭಾಗಶಃ ಬೆರೆತ ರಿಯಾಕ್ಟರ್ ಎಂಬ ಪಾಸರ್ ಮಾದರಿ ಇನ್ನೊಂದು ಆಯ್ಕೆ. ಕೋಶದಲ್ಲಿ ಕ್ರಿಯೆಗೆ ಸಿದ್ಧವಾದ ಪಾಲನ್ನು ಅದು ಕ್ರಿಯೆಯ ಕಾಲ ಮತ್ತು ಬೆರಕೆಯ ಕಾಲಗಳಿಂದ ನೇರವಾಗಿ ಕಂಡುಹಿಡಿಯುತ್ತದೆ: ಕ್ರಿಯೆಯ ಕಾಲವನ್ನು ಎರಡರ ಮೊತ್ತದಿಂದ ಭಾಗಿಸಿದಷ್ಟು. ಎರಡೂ ಕಾಲಗಳು ಕಣ್ಣೆದುರಿಗೇ ಇರುವುದರಿಂದ ಮೈಲ್ಡ್ ದಹನದ ಸ್ವಭಾವಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಕಷ್ಟವಿರುವುದು ಕ್ರಿಯೆಯ ಕಾಲವನ್ನು ಹೇಗೆ ಅಳೆಯುವುದು ಎಂಬುದರಲ್ಲಿ. ಪ್ರತಿ ಘಟಕದ ಪ್ರಮಾಣವನ್ನು ಅದು ಬದಲಾಗುವ ವೇಗದಿಂದ ಭಾಗಿಸಿ, ನಿಷ್ಕ್ರಿಯವಾದವುಗಳನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಅತಿ ನಿಧಾನದ್ದನ್ನು ಆರಿಸುವುದು ಒಂದು ಸಮಂಜಸ ದಾರಿ.

ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕಗಳಿಂದ ರಸಾಯನವನ್ನು ಓದಿಕೊಳ್ಳುವ ಫ್ಲೇಮ್ಲೆಟ್ ವಿಧಾನಗಳು ಬಹಳ ಅಗ್ಗ. ಆದರೆ ಇಲ್ಲಿ ಒಂದು ಮಿಶ್ರಣಾಂಶ ಸಾಲುವುದಿಲ್ಲ: ಇಂಧನ, ಬಿಸಿ ಸಹಪ್ರವಾಹ, ಹೊರಗಿನ ತಂಪು ಗಾಳಿ ಹೀಗೆ ಮೂರು ಹೊಳೆಗಳು ಬೆರೆಯುತ್ತವೆ. ಎರಡನೆಯ ಮಿಶ್ರಣಾಂಶವನ್ನೂ ಕ್ರಿಯೆಯ ಪ್ರಗತಿಯನ್ನು ಅಳೆಯುವ ಚರಾಂಶವನ್ನೂ ಸೇರಿಸಬೇಕು. ಕುಲುಮೆಯಾದರೆ ಶಾಖನಷ್ಟಕ್ಕಾಗಿ ಎಂಥಾಲ್ಪಿಯನ್ನೂ (ಅನಿಲದ ಶಾಖಾಂಶವನ್ನೂ) ಸೇರಿಸಬೇಕು. ಅಷ್ಟು ಮಾಡಿದರೆ, ದೊಡ್ಡ ಸುಳಿಗಳನ್ನು ಕ್ಷಣಕ್ಷಣಕ್ಕೂ ನೇರವಾಗಿ ಲೆಕ್ಕ ಹಾಕುವ ದೊಡ್ಡ ಸುಳಿಗಳ ಸಿಮ್ಯುಲೇಷನ್‌ಗೂ ಇದು ಒಳ್ಳೆಯ ಜೊತೆ. ಜ್ವಲನದ ಬಿಡಿಬಿಡಿ ಮೊಳಕೆಗಳು ಎಲ್ಲಿ, ಯಾವಾಗ ಹುಟ್ಟುತ್ತವೆ ಎಂಬುದೇ ನಿಮ್ಮ ಪ್ರಶ್ನೆಯಾದರೆ ಸರಾಸರಿ ಸಮೀಕರಣಗಳು ಅದನ್ನು ಹೇಳಲಾರವು. ಆಗ ದೊಡ್ಡ ಸುಳಿಗಳ ಸಿಮ್ಯುಲೇಷನ್‌ಗೇ ಹೋಗಬೇಕು.

ಲೆಕ್ಕ ಓಡಿಸುವಾಗ

50 ಸಾವಿರ ಕೋಶಗಳಲ್ಲಿ 53 ಘಟಕಗಳ ರಸಾಯನವನ್ನು ನೇರವಾಗಿ ಬಿಡಿಸುವುದು ದುಬಾರಿ. ಪೋಪ್ 1997ರಲ್ಲಿ ಕೊಟ್ಟ ಐಸ್ಯಾಟ್ ವಿಧಾನ, ಒಮ್ಮೆ ಬಿಡಿಸಿದ ಉತ್ತರಗಳನ್ನು ಕೂಡಿಟ್ಟು ಹತ್ತಿರದ ಸ್ಥಿತಿಗಳಿಗೆ ಮರುಬಳಸುವುದರಿಂದ, ಬಹಳ ಕಾಲ ಉಳಿಸುತ್ತದೆ. ಅದರ ದೋಷಮಿತಿಯನ್ನು ಆರಂಭದಲ್ಲಿ ಸಡಿಲವಾಗಿಟ್ಟು, ಹರಿವು ನೆಲೆಗೊಂಡ ಮೇಲೆ ಹತ್ತು ಹತ್ತು ಪಟ್ಟು ಬಿಗಿಗೊಳಿಸಿ, ಕಡಿಮೆ ಪ್ರಮಾಣದ ಘಟಕಗಳು ಕದಲದಿರುವಲ್ಲಿಗೆ ನಿಲ್ಲಿಸಿ.

ಸಾಮಾನ್ಯ ಜ್ವಾಲೆಯಂತೆ ಒಂದು ಕಡೆ 2000 ಕೆಲ್ವಿನ್ ತುಂಬಿ ಕಿಡಿ ಹೊತ್ತಿಸುವ ಅಗತ್ಯವಿಲ್ಲ. ಇಡೀ ಕ್ಷೇತ್ರವನ್ನು ಸಹಪ್ರವಾಹದ ಅನಿಲದಿಂದ ತುಂಬಿ, ಮೊದಲು ಕ್ರಿಯೆಯಿಲ್ಲದೆ ಹರಿವು ಮತ್ತು ಬೆರಕೆಯನ್ನು ನೆಲೆಗೊಳಿಸಿ, ಆಮೇಲೆ ರಸಾಯನವನ್ನು ತೆರೆಯಿರಿ. ಅದು ತಾನಾಗಿಯೇ ಹೊತ್ತಿಕೊಳ್ಳಬೇಕು. ಕುಲುಮೆಯ ಲೆಕ್ಕದಲ್ಲಿ ಬಿಸಿ ಆರಂಭದಿಂದ ಒಮ್ಮೆ, ಅದಕ್ಕಿಂತ ಕಡಿಮೆ ಬಿಸಿಯ ಆರಂಭದಿಂದ ಇನ್ನೊಮ್ಮೆ ಓಡಿಸಿ, ಎರಡೂ ಒಂದೇ ಉತ್ತರಕ್ಕೆ ಬರುತ್ತವೆಯೇ ಎಂದು ನೋಡುವುದು ಅವಶ್ಯ.

ವಿಕಿರಣದ ವಿಷಯದಲ್ಲಿ ತೆರೆದ ಜೆಟ್ಟಿಗೂ ಕುಲುಮೆಗೂ ದೊಡ್ಡ ಅಂತರವಿದೆ. ಜೆಟ್ಟಿನ ಬುಡದ ಭಾಗದಲ್ಲಿ ಅದರ ಪ್ರಭಾವ ಸಣ್ಣದು. ಕುಲುಮೆಯಲ್ಲಿ ಅದೇ ಮುಖ್ಯ: ಮರಳಿ ಬರುವ ಹೊಗೆಯ ಉಷ್ಣಾಂಶವನ್ನು ಗೋಡೆಗೆ ಹೋಗುವ ಶಾಖವೇ ನಿರ್ಧರಿಸುತ್ತದೆ, ಆ ಉಷ್ಣಾಂಶವೇ ಜ್ವಲನವನ್ನು ನಿರ್ಧರಿಸುತ್ತದೆ. ವಿಕಿರಣವನ್ನು ಆಯ್ದ ಕೆಲವು ದಿಕ್ಕುಗಳಲ್ಲಿ ಲೆಕ್ಕ ಹಾಕುವ ಡಿಸ್ಕ್ರೀಟ್ ಆರ್ಡಿನೇಟ್ಸ್ ವಿಧಾನವನ್ನು, ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್‌ಗಳಿಗೆ ನಿಜ ಅನಿಲವನ್ನು ಕೆಲವು ಕಲ್ಪಿತ ಸರಳ ಅನಿಲಗಳ ಮೊತ್ತವೆಂದು ಭಾವಿಸುವ ‘ಬೂದು ಅನಿಲಗಳ ತೂಕದ ಮೊತ್ತ’ದ ಮಾದರಿಯೊಂದಿಗೆ ಬಳಸಬಹುದು. ಕುಲುಮೆಯ ಗೋಡೆಯನ್ನು ಶಾಖ ಸೋರದ್ದೆಂದು ಇಟ್ಟು ಪಡೆದ ಫಲಿತಾಂಶಕ್ಕೆ ಬೆಲೆಯಿಲ್ಲ.

ತಾಳೆ ನೋಡುವ ಕ್ರಮ

ಮಿಶ್ರಣಾಂಶದ ನಂತರ ಉಷ್ಣಾಂಶ, ನಂತರ ನೀರಾವಿಯಂಥ ಮುಖ್ಯ ಘಟಕಗಳು, ನಂತರ ಓಎಚ್ ಮತ್ತು ಇಂಗಾಲದ ಮಾನಾಕ್ಸೈಡ್, ಕೊನೆಗೆ ನೈಟ್ರಿಕ್ ಆಕ್ಸೈಡ್. ಹಿಂದಿನದು ಸರಿಯಾಗದೆ ಮುಂದಿನದಕ್ಕೆ ಹೋಗಬಾರದು. ಅಡಿಲೇಡ್ ಬರ್ನರಿನಲ್ಲಿ ಕೊಳವೆಯ ಬಾಯಿಂದ 30, 60 ಮತ್ತು 120 ಮಿಲಿಮೀಟರ್ ಎತ್ತರದ ಅಳತೆಗಳು ಹೆಚ್ಚು ಬಳಕೆಯಾಗುತ್ತವೆ. ಸುಮಾರು 100 ಮಿಲಿಮೀಟರ್ ದಾಟಿದ ಮೇಲೆ ಸುರಂಗದ ತಂಪು ಗಾಳಿ ಒಳನುಗ್ಗಿ ಬೆರೆಯತೊಡಗುವುದರಿಂದ, ಅಲ್ಲಿಂದಾಚೆಗೆ ನೋಡುತ್ತಿರುವುದು ಮೈಲ್ಡ್ ದಹನವನ್ನಲ್ಲ ಎಂಬ ಎಚ್ಚರವಿರಲಿ. 120ರಲ್ಲಿ ಮಾದರಿ ಸೋತಿತೆಂದು ದಹನದ ಮಾದರಿಯನ್ನು ದೂರುವ ಮೊದಲು ಆ ಗಾಳಿಯ ಗಡಿಯನ್ನು ಪರೀಕ್ಷಿಸಿ. ಸರಾಸರಿ ಸಮೀಕರಣಗಳು ಕೊಡುವುದು ಸಾಂದ್ರತೆಯ ತೂಕ ಸೇರಿದ ಸರಾಸರಿ. ಅಳತೆಯ ದತ್ತಾಂಶದಲ್ಲಿ ಎರಡೂ ಬಗೆಯ ಸರಾಸರಿಗಳಿರಬಹುದು, ಸರಿಯಾದುದನ್ನು ಆರಿಸಿಕೊಳ್ಳಿ.

ನೈಟ್ರಿಕ್ ಆಕ್ಸೈಡಿನ ಲೆಕ್ಕದಲ್ಲಿ ಉಷ್ಣಮಾರ್ಗವೊಂದನ್ನೇ ತೆರೆದು ತೃಪ್ತಿಪಡುವವರು ಹಲವರು. ಸಾರಜನಕದ ಅಣುವನ್ನು ಆಮ್ಲಜನಕದ ಪರಮಾಣು ಒಡೆಯುವ ಆ ಕ್ರಿಯೆಗೆ ಮೋಲ್‌ಗೆ ಸುಮಾರು 319 ಕಿಲೋಜೂಲ್ ತಡೆಗೋಡೆಯಿದೆ; 1800 ಕೆಲ್ವಿನ್‌ಗಿಂತ ಕೆಳಗೆ ಅದು ಬಹಳ ನಿಧಾನ. ನಮ್ಮ 3 ಶೇಕಡಾದ ಜ್ವಾಲೆ ಆ ಮಟ್ಟವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಉಳಿದ ಚಿಕ್ಕ ಮಾರ್ಗಗಳೇ ಇಲ್ಲಿ ದೊಡ್ಡವಾಗುತ್ತವೆ: ಸಿಎಚ್ ರ‍್ಯಾಡಿಕಲ್ ಮೂಲಕ ಬರುವ ಪ್ರಾಂಪ್ಟ್ ಮಾರ್ಗ, ನೈಟ್ರಸ್ ಆಕ್ಸೈಡ್ ಮೂಲಕ ಬರುವ ಮಾರ್ಗ, ಜಲಜನಕ ಇರುವ ಇಂಧನದಲ್ಲಿ, ಸಾರಜನಕದ ಅಣುವಿಗೆ ಜಲಜನಕದ ಪರಮಾಣು ಸೇರಿ ಹುಟ್ಟುವ ಎನ್‌ಎನ್‌ಎಚ್ ಮಾರ್ಗ. ಜೊತೆಗೆ ಈಗಾಗಲೇ ಇರುವ ನೈಟ್ರಿಕ್ ಆಕ್ಸೈಡನ್ನು ಇಂಧನದ ರ‍್ಯಾಡಿಕಲ್‌ಗಳು ಮರಳಿ ಒಡೆಯುವ ರೀಬರ್ನಿಂಗ್ ಕ್ರಿಯೆಯನ್ನೂ ಸೇರಿಸಬೇಕು. ಅಳತೆಯ ಬೆಲೆಗಳೇ ತೀರ ಚಿಕ್ಕವಾದ್ದರಿಂದ ಇಲ್ಲಿ ಶೇಕಡಾವಾರು ದೋಷ ದೊಡ್ಡದಾಗಿ ಕಾಣುತ್ತದೆ. ಜ್ವಾಲೆಯಿಂದ ಜ್ವಾಲೆಗೆ, ಆಮ್ಲಜನಕ 9ರಿಂದ 3 ಶೇಕಡಾಕ್ಕೆ ಇಳಿದಂತೆ, ನೈಟ್ರಿಕ್ ಆಕ್ಸೈಡ್ ಸರಿಯಾದ ಅನುಪಾತದಲ್ಲಿ ಇಳಿಯುತ್ತಿದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ.

ಇಷ್ಟಾದ ಮೇಲೆಯೇ ಕುಲುಮೆಗೆ ಹೋಗಿ. ಅಲ್ಲಿ ಲೆಕ್ಕ ಮುಗಿದ ಕೂಡಲೇ ಬರ್ನರಿನಿಂದ ಬೇರೆ ಬೇರೆ ದೂರಗಳಲ್ಲಿ ಅಡ್ಡಛೇದಗಳನ್ನು ತೆಗೆದು, ಹಿಮ್ಮುಖವಾಗಿ ಹರಿಯುವ ದ್ರವ್ಯರಾಶಿಯನ್ನು ಕೂಡಿ, ಒಳಬರುವ ಒಟ್ಟು ದ್ರವ್ಯರಾಶಿಯಿಂದ ಭಾಗಿಸಿ. ದೊರೆತ ಮರುಸುತ್ತಿನ ಅನುಪಾತವನ್ನು, ಇಂಧನ ಗಾಳಿಯನ್ನು ಸಂಧಿಸುವ ಜಾಗದ ಆಮ್ಲಜನಕದ ಪಾಲಿನೊಂದಿಗೆ ಹೋಲಿಸಿ. ಅನುಪಾತ ಮೂರಿದ್ದು ಆಮ್ಲಜನಕ ಮಾತ್ರ 15 ಶೇಕಡಾ ಉಳಿದಿದ್ದರೆ, ಹೊಗೆ ಕುಲುಮೆಯಲ್ಲಿ ಸುತ್ತುತ್ತಿದೆಯೇ ಹೊರತು ಗಾಳಿಯೊಳಗೆ ಹೊತ್ತಿಗೆ ಸರಿಯಾಗಿ ಬೆರೆಯುತ್ತಿಲ್ಲ. ಗಾಳಿ ಮತ್ತು ಇಂಧನದ ನಳಿಕೆಗಳ ನಡುವಿನ ಅಂತರವನ್ನೂ ಗಾಳಿಯ ಜೆಟ್ಟಿನ ವೇಗವನ್ನೂ ಬದಲಿಸಿ ಮತ್ತೆ ಲೆಕ್ಕ ಹಾಕಬೇಕು.